ಉಳುಕೆಂದು ಬಗೆಯುವ ಪಾದಭಂಗ

ಪಾದವು ಹೊರಳಿ ನೋವಾದರೆ ‘ಉಳುಕಿತು’ ಎಂದು ಎಣ್ಣೆ ಹಚ್ಚಿ ನೀವುವುದು ನಮ್ಮ ಮನೆಗಳಲ್ಲಿ ಬಹುಕಾಲದ ರೂಢಿ. ಅನೇಕ ವೇಳೆ ಅಷ್ಟರಿಂದಲೇ ಗುಣವಾಗುವುದೂ ಉಂಟು. ಆದರೆ ಉಳುಕಿನ ವೇಷದಲ್ಲಿ ಬಂದು, ಸಕಾಲದಲ್ಲಿ ಗುರುತಿಸದಿದ್ದರೆ ಮನುಷ್ಯನನ್ನು ಬಾಳಿನುದ್ದಕ್ಕೂ ಕುಂಟಿಸಬಲ್ಲ ಪೆಟ್ಟೊಂದಿದೆ. ವಾಚಕರು ಅದನ್ನರಿತಿರುವುದು ಲೇಸೆಂದು ನಾವು ಇಲ್ಲಿ ಬರೆಯುತ್ತಿರುವೆವು.

ಸುಶ್ರುತಸಂಹಿತೆಯು ಭಗ್ನವನ್ನು ಸಂಧಿಮುಕ್ತ, ಕಾಂಡಭಗ್ನ ಎಂದು ಎರಡಾಗಿ ವಿಂಗಡಿಸಿ, ಮೊದಲನೆಯದರಲ್ಲಿ ೬, ಎರಡನೆಯದರಲ್ಲಿ ೧೨ ಬಗೆಗಳನ್ನು ಹೇಳುತ್ತದೆ. ಈ ಪೆಟ್ಟಿನಲ್ಲಿ ಅವೆರಡೂ ಅನೇಕ ವೇಳೆ ಕೂಡಿರುತ್ತವೆ. ಪಾಶ್ಚಾತ್ಯ ವೈದ್ಯರು ಇದನ್ನು ಲಿಸ್‌ಫ್ರಾಂಕ್ ಪೆಟ್ಟು ಎನ್ನುವರು. ನೆಪೋಲಿಯನ್ನನ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದ ಜಾಕ್ ಲಿಸ್‌ಫ್ರಾಂಕನು, ಪಾದದ ಮುಂಭಾಗವನ್ನು ಈ ಸಂಧಿಯಲ್ಲಿ ಛೇದಿಸಿ ತೆಗೆಯುವ ಕ್ರಮವನ್ನು ೧೮೧೫ರಲ್ಲಿ ವಿವರಿಸಿದನು. ಅಂದು ಪಾದವನ್ನು ಕಡಿಯುತ್ತಿದ್ದ ಎಡೆಯಲ್ಲಿಯೇ ಇಂದು ಶಸ್ತ್ರವೈದ್ಯರು ಪಾದವನ್ನುಳಿಸುತ್ತಿರುವರು.

ಬೆರಳುಗಳ ಹಿಂದಿನ ಐದು ನೀಳವಾದ ಎಲುಬುಗಳು ನಡುಪಾದದ ಗಿಡ್ಡ ಎಲುಬುಗಳನ್ನು ಕೂಡುವ ಸ್ಥಳವೇ ಈ ಸಂಧಿ. ಎರಡನೆಯ ನೀಳ ಎಲುಬಿನ ಬುಡವು ಕಮಾನಿನ ನಡುಗಲ್ಲಿನಂತೆ ಒಳಸೇರಿ ನಿಂತಿದೆ. ಅದನ್ನು ಮೊದಲನೆಯ ನೀಳ ಎಲುಬಿನ ಬುಡಕ್ಕೆ ಬಿಗಿಯುವ ರಜ್ಜುವಿಲ್ಲ. ಒಳಬದಿಯ ಗಿಡ್ಡ ಎಲುಬಿನಿಂದ ಓರೆಯಾಗಿ ಬರುವ ಗಟ್ಟಿ ರಜ್ಜುವೇ ಮುಖ್ಯ ಆಧಾರ. ಅದು ಹರಿದರೆ ಕಮಾನೇ ಸಡಿಲುವುದು.

ಕುದುರೆಯಿಂದ ಬಿದ್ದ ಸವಾರನ ಪಾದವು ರಿಕಾಪಿನಲ್ಲಿ ಸಿಕ್ಕಿ ತಿರುಚುವುದು ಹಿಂದಿನ ಕಾರಣ. ಈಗ ವಾಹನಗಳ ಅಪಘಾತ, ಎತ್ತರದಿಂದ ಬೀಳುವುದು, ಕೆಲವೊಮ್ಮೆ ಮೆಟ್ಟಿಲು ತಪ್ಪುವುದೂ ಸಾಕು. ಸಾವಿರ ಮೂಳೆಮುರಿತಗಳಲ್ಲಿ ಇಂಥವು ಸುಮಾರು ೨ ಮಾತ್ರ. ಅಪರೂಪವಾದುದರಿಂದಲೇ ಐದರಲ್ಲೊಂದರಷ್ಟು ಮೊದಲ ಪರೀಕ್ಷೆಯಲ್ಲಿ ವೈದ್ಯರ ಕಣ್ಣನ್ನೂ ತಪ್ಪಿಸುವುದೆಂದು ಹೇಳುತ್ತಾರೆ.

ಪಾದದ ನಡುಭಾಗ ಊದಿ, ಊರಿ ನಿಲ್ಲಲಾಗದೆ, ಅಂಗಾಲಿನಲ್ಲಿ ರಕ್ತ ಕಂದಿದ ಕಲೆ ಕಂಡರೆ ನೀವುವುದನ್ನು ಬಿಟ್ಟು ಮೂಳೆಯ ವೈದ್ಯರಲ್ಲಿಗೆ ಹೋಗತಕ್ಕದ್ದು. ಮಲಗಿಸಿ ತೆಗೆದ ಕ್ಷಕಿರಣ ಚಿತ್ರದಲ್ಲಿ ಬಿರುಕು ಕಾಣದಿರಬಹುದು. ರೋಗಿಯು ತಾಳಬಲ್ಲನಾದರೆ ನಿಲ್ಲಿಸಿ, ಎರಡು ಪಾದಗಳನ್ನೂ ಹೋಲಿಸಿ ನೋಡುವರು.

ಎಲುಬುಗಳು ಕದಲದಿದ್ದರೆ ಕಟ್ಟೇ ಸಾಕಾದೀತು. ಕದಲಿದ್ದರೆ ಶಸ್ತ್ರಚಿಕಿತ್ಸೆ ಬೇಕು. ಊತ ಇಳಿದ ಮೇಲೆ ವೈದ್ಯರು ಎಲುಬುಗಳನ್ನು ಸ್ವಸ್ಥಾನಕ್ಕೆ ಕೂಡಿಸಿ, ಒಳಬದಿಯ ಮೂರು ಕೀಲುಗಳನ್ನು ತಿರುಪುಮೊಳೆ, ಲೋಹದ ಪಟ್ಟಿಗಳಿಂದ ಬಿಗಿಯುವರು. ಹೊರಬದಿಯ ಎರಡು ನಡಿಗೆಯಲ್ಲಿ ಅಲುಗಬೇಕಾದುವು. ಆದುದರಿಂದ ಅವುಗಳಿಗೆ ಬೇಕಾದರೆ ಸಣ್ಣ ತಂತಿಗಳನ್ನಿಟ್ಟು ಕೆಲವು ವಾರಗಳಲ್ಲಿ ತೆಗೆಯುವರು. ರಜ್ಜುಗಳೇ ಹರಿದಿದ್ದರೆ ಒಳಗಿನ ಕೀಲುಗಳನ್ನು ಶಾಶ್ವತವಾಗಿ ಬೆಸೆಯುವುದೂ ಉಂಟು.

ಅನಂತರದ ತಾಳ್ಮೆಯೇ ಕಠಿನ. ಆರೆಂಟು ವಾರಗಳವರೆಗೂ, ಕೆಲವರಿಗೆ ಇನ್ನೂ ಹೆಚ್ಚು ಕಾಲ, ಆ ಪಾದವನ್ನು ಊರಕೂಡದು. ಸಂಸಾರವನ್ನು ಹೊತ್ತವರು ಅವಸರಪಟ್ಟು ನಡೆದರೆ ಕೂಡಿಸಿದುದು ಮತ್ತೆ ಕದಲೀತು. ಚಿಕಿತ್ಸೆ ಚೆನ್ನಾಗಿ ನಡೆದರೂ ಮುಂದೆ ಕೆಲವರಿಗೆ ಸಂಧಿವಾತ ಬರುವುದುಂಟು. ಚಿಕಿತ್ಸೆಯೇ ಇಲ್ಲದಿದ್ದರೆ ಪಾದದ ಕಮಾನು ಕುಸಿದು ನೋವು ನೆಲೆಯೂರುವುದು. ಮನೆಯವರು ಆ ಕೆಲವು ವಾರಗಳ ಭಾರವನ್ನು ಹಂಚಿಕೊಂಡರೆ ರೋಗಿಯ ಮುಂದಿನ ನಡಿಗೆ ಉಳಿದೀತು.