ಡೇರಿ ಊರಿನ ದಾರಿಯಲ್ಲಿ ಎಸ್ಸೆಂ ಕೃಷ್ಣ

ಮದ್ದೂರು ದಾಟಿ ಮಂಡ್ಯದ ಕಡೆ ಹೊರಟರೆ ಗೆಜ್ಜಲಗೆರೆಯನ್ನು ಯಾರೂ ತೋರಿಸಿಕೊಡಬೇಕಿಲ್ಲ. ಹಾಲಿನ ಟ್ಯಾಂಕರುಗಳೇ ತೋರಿಸುತ್ತವೆ. ಮಂಡ್ಯ ಜಿಲ್ಲಾ ಹಾಲು ಒಕ್ಕೂಟ, ಅಂದರೆ ಎಲ್ಲರ ಬಾಯಲ್ಲಿ ‘ಮನ್‌ಮುಲ್’, ಇರುವುದು ಇಲ್ಲಿ. ಜಿಲ್ಲೆಯ ಯಾವ ಮೂಲೆಯಲ್ಲಿ ಹಸು ಕರೆದರೂ ಆ ಹಾಲಿನ ದಾರಿ ಕೊನೆಗೆ ಬಂದು ಸೇರುವುದು ಗೆಜ್ಜಲಗೆರೆಗೇ. ಪಕ್ಕದಲ್ಲೇ ಕೈಗಾರಿಕಾ ಪ್ರದೇಶ, ಅದರಾಚೆ ಕಬ್ಬು, ಭತ್ತ, ತೆಂಗು. ಊರಿನ ಎದೆಯ ಮೇಲೆಯೇ ಬೆಂಗಳೂರು–ಮೈಸೂರು ಹೆದ್ದಾರಿ.

ಈ ಹೆದ್ದಾರಿಯಿಂದಲೇ ಊರಿಗೆ ಇನ್ನೊಂದು ಹೆಸರೂ ಬಂದಿದೆ. ಕಾವೇರಿ ಗಲಾಟೆ ಎದ್ದಾಗಲೆಲ್ಲ ಪತ್ರಿಕೆಯಲ್ಲಿ ‘ಗೆಜ್ಜಲಗೆರೆ ಬಳಿ ರಸ್ತೆ ತಡೆ’ ಎಂಬ ಸಾಲು ಇದ್ದೇ ಇರುತ್ತದೆ. ಎತ್ತಿನಗಾಡಿ ಅಡ್ಡ ನಿಲ್ಲಿಸಿ, ರಸ್ತೆ ಮೇಲೆಯೇ ಒಲೆ ಹೂಡಿ ಕೂರುವ ಜನ ನಮ್ಮ ಕಡೆಯವರು. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ 118 ಕಿಲೋಮೀಟರಿನ ಹತ್ತು ಪಥದ ಹೊಸ ಹೆದ್ದಾರಿಯನ್ನು ಉದ್ಘಾಟಿಸಿದ್ದು ಕೂಡ ಇದೇ ಗೆಜ್ಜಲಗೆರೆಯ ಬಯಲಿನಲ್ಲಿ. ತಡೆಯುವುದಕ್ಕೂ ಇದೇ ಊರು, ತೆರೆಯುವುದಕ್ಕೂ ಇದೇ ಊರು.

2024ರ ಡಿಸೆಂಬರ್ 11ರಂದು ಮಾತ್ರ ಈ ರಸ್ತೆಯ ಗದ್ದಲವೆಲ್ಲ ಮದ್ದೂರಿನ ಆಚೆ ಬದಿಗೆ ಸರಿದಿತ್ತು. ಹಿಂದಿನ ದಿನ ಬೆಂಗಳೂರಿನಲ್ಲಿ ತೀರಿಕೊಂಡ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಪಾರ್ಥಿವ ಶರೀರ ಬಿಡದಿ, ರಾಮನಗರ, ಚನ್ನಪಟ್ಟಣ ದಾಟಿ ಹುಟ್ಟೂರು ಸೋಮನಹಳ್ಳಿಗೆ ಬಂತು. ವಯಸ್ಸು 92. ಸರ್ಕಾರ ರಜೆ ಕೊಟ್ಟಿತ್ತು, ಮೂರು ದಿನದ ಶೋಕ ಸಾರಿತ್ತು. ಅಂತ್ಯಕ್ರಿಯೆ ನಡೆದದ್ದು ಹೆದ್ದಾರಿ ಬದಿಯ ಕಾಫಿ ಡೇ ಆವರಣದಲ್ಲಿ, ಸಕಲ ಸರ್ಕಾರಿ ಗೌರವದೊಂದಿಗೆ. ಆ ಕಾಫಿ ಡೇ ಕಟ್ಟಿದ ಅಳಿಯ ವಿ.ಜಿ. ಸಿದ್ಧಾರ್ಥ ಐದು ವರ್ಷ ಮೊದಲೇ ಹೋಗಿಬಿಟ್ಟಿದ್ದರು. ಚಿತೆಗೆ ಅಗ್ನಿಸ್ಪರ್ಶ ಮಾಡಿದ್ದು ಮೊಮ್ಮಗ.

ಕೃಷ್ಣ ಮದ್ದೂರು ಸೀಮೆಯವರು ನಿಜ. ಆದರೆ ಮದ್ದೂರು ಸೀಮೆಯವರ ಹಾಗೆ ಇರಲಿಲ್ಲ. ನಾವು ಮಾತಾಡಿದರೆ ಎರಡು ಹೊಲದಾಚೆ ಕೇಳಿಸಬೇಕು. ಅವರ ಮಾತು ಪಕ್ಕದ ಕುರ್ಚಿಯವರಿಗೆ ಕೇಳಿಸಿದರೆ ಹೆಚ್ಚು. ಇಸ್ತ್ರಿ ಮುರಿಯದ ಬಟ್ಟೆ, ಟೆನಿಸ್ ಹುಚ್ಚು, ಅಮೆರಿಕದಲ್ಲಿ ಕಾನೂನು ಓದು, ಫುಲ್‌ಬ್ರೈಟ್ ವಿದ್ಯಾರ್ಥಿವೇತನ. ಇಂಥವರು 1962ರಲ್ಲಿ, ಮೂವತ್ತು ತುಂಬುವ ಮೊದಲೇ, ಮದ್ದೂರಿನಲ್ಲಿ ಪಕ್ಷೇತರರಾಗಿ ನಿಂತು ಗೆದ್ದರು. ಸೋತವರು ಸಾಮಾನ್ಯರಲ್ಲ, ಕಾಂಗ್ರೆಸ್ಸಿನ ಕೆ.ವಿ. ಶಂಕರಗೌಡರು. ಅವರ ಪರವಾಗಿ ನೆಹರೂ ಅವರೇ ಪ್ರಚಾರಕ್ಕೆ ಬಂದಿದ್ದರು. ಅದೇ ಮದ್ದೂರು 1994ರಲ್ಲಿ ಕೃಷ್ಣರನ್ನು ಸೋಲಿಸಿತು, 1999ರಲ್ಲಿ ಮತ್ತೆ ಗೆಲ್ಲಿಸಿ ವಿಧಾನಸೌಧಕ್ಕೆ ಕಳಿಸಿತು. ಆ ಹೊತ್ತಿಗೆ ತಾವೂ ಕಾಂಗ್ರೆಸ್ಸಿನವರಾಗಿ, ಅದರ ರಾಜ್ಯಾಧ್ಯಕ್ಷರಾಗಿ ‘ಪಾಂಚಜನ್ಯ’ ಯಾತ್ರೆ ಹೊರಟಿದ್ದ ಕೃಷ್ಣ, ಅಕ್ಟೋಬರ್ 11ಕ್ಕೆ ಮುಖ್ಯಮಂತ್ರಿಯಾದರು.

ಅವರ ಆಡಳಿತದ ಬಗೆ ಏನು ಎಂದು ಕೇಳಿದರೆ ಬೆಂಗಳೂರಿನವರು ಐಟಿ ಅನ್ನುತ್ತಾರೆ, ಬೆಂಗಳೂರನ್ನು ಸಿಂಗಾಪುರ ಮಾಡುವ ಕನಸು ಅನ್ನುತ್ತಾರೆ. ನನಗೆ ಅದರ ಗುರುತು ಕಾಣುವುದು ಹಳ್ಳಿಯ ಹಾಲಿನ ಡೇರಿಯಲ್ಲಿ. ಬೆಳಗ್ಗೆ ಇನ್ನೂ ಮಂಜು ಬಿಟ್ಟಿರುವುದಿಲ್ಲ, ಹೆಂಗಸರು ಕ್ಯಾನು ಹಿಡಿದು ಸಾಲು ನಿಂತಿರುತ್ತಾರೆ. ಹಾಲು ಅಳೆದಾಯಿತು, ಸ್ಯಾಂಪಲ್ ತೆಗೆದು ಫ್ಯಾಟ್ ನೋಡಿದ್ದಾಯಿತು, ಚೀಟಿ ಬಂತು. ಫ್ಯಾಟ್ ಒಂದು ಪಾಯಿಂಟ್ ಇಳಿದಿದ್ದರೆ ಕಾರ್ಯದರ್ಶಿಗೆ ಅಲ್ಲೇ ಮಂಗಳಾರತಿ. ಬಟವಾಡೆ ದಿನ ಕೈಗೆ ಬರುವ ದುಡ್ಡಿನಲ್ಲಿ ಬೂಸಾ, ಮಕ್ಕಳ ಫೀಜು, ಸಂಘದ ಸಾಲ ಎಲ್ಲ ನಡೆಯಬೇಕು. ಈ ಮನೆಗಳಲ್ಲಿ ಒಬ್ಬರಿಗೆ ಎದೆನೋವು ಬಂದರೆ ಮೊದಲು ಮಾರಾಟವಾಗುವುದು ಹಸು, ಆಮೇಲೆ ಜಮೀನು.

ಯಶಸ್ವಿನಿ ಆರೋಗ್ಯ ವಿಮೆ ಯೋಜನೆ ಬಂದದ್ದು ಇಂಥ ಮನೆಗಳಿಗಾಗಿ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಕೊಟ್ಟ ಯೋಚನೆಯನ್ನು ಕೃಷ್ಣ ಸರ್ಕಾರ 2003ರಲ್ಲಿ ಜಾರಿಗೆ ತಂತು. ತಿಂಗಳಿಗೆ ತಲಾ ಐದು ರೂಪಾಯಿ ಕಂತು. ಶರತ್ತು ಒಂದೇ, ಸಹಕಾರ ಸಂಘದ ಸದಸ್ಯರಾಗಿರಬೇಕು. ನಮ್ಮಲ್ಲಿ ಡೇರಿಗೆ ಹಾಲು ಹಾಕದ ಮನೆ ಎಷ್ಟಿದ್ದೀತು? ಹೊಸ ಇಲಾಖೆ ತೆರೆಯಲಿಲ್ಲ, ಹೊಸ ಕಚೇರಿ ಕಟ್ಟಲಿಲ್ಲ. ಹಾಲಿನ ಲೆಕ್ಕ ಬರೆಯುವವರೇ ಅದರ ಲೆಕ್ಕವನ್ನೂ ಬರೆದರು. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು.

ಕೃಷ್ಣರ ಕೆಲಸದ ರೀತಿಯೇ ಅದು. ಬಲ್ಲವರನ್ನು ಹುಡುಕಿ ಕೂರಿಸುವುದು, ಅವರ ಮಾತು ಕೇಳುವುದು, ತಾವು ಹಿಂದೆ ಸರಿಯುವುದು. ಜಮೀನಿನ ದಾಖಲೆಯ ‘ಭೂಮಿ’ ಯೋಜನೆಯೂ ಹಾಗೇ ಆಯಿತು. 67 ಲಕ್ಷ ರೈತರ ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಒಂದು ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಚಪ್ಪಲಿ ಸವೆಸುತ್ತಿದ್ದವರು ತಾಲ್ಲೂಕು ಕಚೇರಿ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ತೆಗೆದುಕೊಳ್ಳುವಂತಾಯಿತು. ಶಾಲೆಯ ಬಿಸಿಯೂಟ, ಹೆಂಗಸರ ಸ್ತ್ರೀಶಕ್ತಿ ಸಂಘ ಆ ಕಾಲದವೇ. ನಟ ರಾಜಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಹೊತ್ತೊಯ್ದು ಇಟ್ಟುಕೊಂಡ 108 ದಿನಗಳಲ್ಲೂ ಕೃಷ್ಣ ದನಿ ಏರಿಸಲಿಲ್ಲ. ಊರೆಲ್ಲ ಉರಿಯುತ್ತಿರುವಾಗ ಸಂಧಾನದ ಎಳೆ ಹಿಡಿದು ಕೂತದ್ದು ಹೇಡಿತನ ಎಂದವರಿದ್ದರು. ಅಣ್ಣಾವ್ರು ಜೀವಂತ ಮನೆಗೆ ಬಂದರು. ಅದಕ್ಕಿಂತ ಹೆಚ್ಚಿನ ಉತ್ತರ ಬೇಕಿರಲಿಲ್ಲ.

ಇದೇ ತಣ್ಣನೆಯ ಗುಣ ಗೆಜ್ಜಲಗೆರೆಯ ರಸ್ತೆಯಲ್ಲಿ ಮಾತ್ರ ಕೈಕೊಟ್ಟಿತು. 2002ರಲ್ಲಿ ಮಳೆ ಇಲ್ಲ, ಕನ್ನಂಬಾಡಿ ಕಟ್ಟೆ ತುಂಬಿಲ್ಲ, ನಾಲೆಯಲ್ಲಿ ನೀರಿಲ್ಲ. ತಮಿಳುನಾಡಿಗೆ ಬಿಡಿ ಎಂದು ಸುಪ್ರೀಂ ಕೋರ್ಟ್. ಬಿಟ್ಟರೆ ರೈತ ಬಿಡುವುದಿಲ್ಲ, ಬಿಡದಿದ್ದರೆ ಕೋರ್ಟು ಬಿಡುವುದಿಲ್ಲ. ಕಾರಿನಿಂದ ಇಳಿದದ್ದನ್ನೇ ಜನ ಹೆಚ್ಚು ಕಂಡಿರದ ಮುಖ್ಯಮಂತ್ರಿ ಆ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಮಂಡ್ಯದ ಕಡೆ ಪಾದಯಾತ್ರೆ ಹೊರಟರು. ಎಪ್ಪತ್ತು ವರ್ಷದ ಮನುಷ್ಯ, ಟಾರು ರಸ್ತೆ. ಅದನ್ನು ಮೆಚ್ಚಿದವರಿದ್ದರು, ನಾಟಕ ಎಂದವರು ಅದಕ್ಕಿಂತ ಹೆಚ್ಚಿದ್ದರು. ಕೊನೆಗೆ ನೀರನ್ನೂ ಬಿಡಬೇಕಾಯಿತು, ನ್ಯಾಯಾಂಗ ನಿಂದನೆಗಾಗಿ ಕೋರ್ಟಿನ ಮುಂದೆ ಬೇಷರತ್ ಕ್ಷಮೆಯನ್ನೂ ಕೇಳಬೇಕಾಯಿತು.

ಆ ದಿನಗಳಲ್ಲಿ ಈ ಜನಕ್ಕೆ ಬೇಕಾಗಿದ್ದದ್ದು ಜಿ. ಮಾದೇಗೌಡರಂಥವರು. ಅವರೂ ಕಾಂಗ್ರೆಸ್ಸಿನವರೇ, ಇದೇ ಸೀಮೆಯವರೇ. ಆದರೆ ರೈತರ ಜೊತೆ ಬೀದಿಯಲ್ಲಿ ಕೂತು ತಮ್ಮದೇ ಸರ್ಕಾರವನ್ನು ಬೈಯಬಲ್ಲವರು. ಮಾದೇಗೌಡರ ಮೇಲೆ ಜನಕ್ಕಿದ್ದ ಸಲಿಗೆ ಕೃಷ್ಣರ ಮೇಲೆ ಎಂದೂ ಬರಲಿಲ್ಲ. ಹೆಮ್ಮೆ ಇತ್ತು, ಸಲಿಗೆ ಇರಲಿಲ್ಲ. 2004ರ ಚುನಾವಣೆಯಲ್ಲಿ ಕೃಷ್ಣ ಮದ್ದೂರು ಬಿಟ್ಟು ಬೆಂಗಳೂರಿನ ಚಾಮರಾಜಪೇಟೆಗೆ ಹೋದದ್ದು ಈ ಕಡೆಯ ಮನಸ್ಸಿಗೆ ನಾಟಿತು. ಆಮೇಲೆ ಮಹಾರಾಷ್ಟ್ರದ ರಾಜ್ಯಪಾಲರಾದರು, ವಿದೇಶಾಂಗ ಸಚಿವರಾದರು, ಹೆಚ್ಚುಕಡಿಮೆ ಅರ್ಧ ಶತಮಾನದ ಕಾಂಗ್ರೆಸ್ ನಂಟು ಬಿಟ್ಟು 2017ರಲ್ಲಿ ಬಿಜೆಪಿ ಸೇರಿದರು, 2023ರಲ್ಲಿ ಪದ್ಮವಿಭೂಷಣ ಬಂತು. ಊರ ಕಟ್ಟೆಯ ಮೇಲೆ ಅದೆಲ್ಲ ಸುದ್ದಿಯಾಯಿತು, ಜಗಳವಾಗಲಿಲ್ಲ. ಪಕ್ಷ ಬಿಟ್ಟದ್ದನ್ನು ನಾನೂ ಒಪ್ಪಲಿಲ್ಲ. ಆದರೆ ಒಬ್ಬ ಮುಖ್ಯಮಂತ್ರಿಯನ್ನು ಅಳೆಯಬೇಕಾದದ್ದು ಅಧಿಕಾರವಿದ್ದ ದಿನಗಳಿಂದ, ಮುದಿ ವಯಸ್ಸಿನ ಬೇಸರದಿಂದಲ್ಲ.

ಗೆಜ್ಜಲಗೆರೆಗೆ ಬಂದವರು ಡೇರಿ ನೋಡಿ, ಮದ್ದೂರಿಗೆ ಹಿಂದಿರುಗಿ ವಡೆ ತಿಂದು, ಸೋಮನಹಳ್ಳಿಗೂ ಹೋಗಿ ಬರಬಹುದು. ಹೊಸ ಹೆದ್ದಾರಿಯಲ್ಲೇ ಓಡಿದರೆ ಮೂರೂ ತಪ್ಪಿಹೋಗುತ್ತವೆ, ಸರ್ವಿಸ್ ರಸ್ತೆಗೆ ಇಳಿಯಲೇಬೇಕು.

ಈ ಭಾಗದ ಹಾಲು ಹಾಕುವವರಿಗೆ ಇನ್ನೊಂದು ಮಾತು. 2018ರಲ್ಲಿ ನಿಂತುಹೋಗಿದ್ದ ಯಶಸ್ವಿನಿಗೆ 2022ರ ನವೆಂಬರಿನಲ್ಲಿ ನೋಂದಣಿ ಮತ್ತೆ ಶುರುವಾಯಿತು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಗೊತ್ತುಮಾಡಿದರು. ನೋಂದಣಿಗೆ ಕೊನೆಯ ದಿನ ಅಂತ ಇರುತ್ತದೆ. ನಾಳೆ ಬೆಳಗ್ಗೆ ಕ್ಯಾನು ಹಿಡಿದು ಹೋದಾಗ ಡೇರಿ ಕಾರ್ಯದರ್ಶಿಯನ್ನು ಒಮ್ಮೆ ಕೇಳಿಬಿಡಿ.