ಕುದುರೆಯ ಮೇವು, ಮನುಷ್ಯನ ಗುಳಿಗೆ

ಆಲ್ಫಾಲ್ಫಾ ಎಂದೊಡನೆ ಯಾವುದೋ ದೂರದೇಶದ ಅಪೂರ್ವ ಮೂಲಿಕೆಯೆಂಬ ಭಾವನೆ ಹುಟ್ಟುವುದು ಸಹಜ. ಔಷಧದ ಅಂಗಡಿಯ ಗಾಜಿನ ಕಪಾಟಿನಲ್ಲಿ ಹಸಿರು ಗುಳಿಗೆಯಾಗಿ, ಹೋಮಿಯೋಪತಿ ಅಂಗಡಿಯಲ್ಲಿ ಟಾನಿಕ್ಕಾಗಿ ಅದು ನಮ್ಮ ಪಟ್ಟಣಗಳಿಗೆ ಪರಿಚಿತವಾಗಿದೆ. ಆದರೆ ಈ ಪರದೇಶಿ ಹೆಸರಿನ ಹಿಂದಿರುವ ಗಿಡ ನಮಗೆ ಹೊಸದಲ್ಲ. ಹೈನುಗಾರಿಕೆ ಬಲ್ಲ ನಮ್ಮ ರೈತರು ನೀರಿನ ಆಸರೆಯಿರುವ ನೆಲದಲ್ಲಿ ಹಸುಗಳಿಗೆಂದು ಬೆಳೆದು, ಹೆಚ್ಚು ಕಡಮೆ ತಿಂಗಳಿಗೊಮ್ಮೆ ಕೊಯ್ಯುವ ಕುದುರೆ ಮಸಾಲೆ ಸೊಪ್ಪೇ ಅದು. ಮೂರು ಮೂರಾಗಿ ಕೂಡಿದ ಎಲೆಗಳು, ಊದಾ ಬಣ್ಣದ ಪುಟ್ಟ ಹೂಗಳು, ಸುರುಳಿ ಸುತ್ತಿದ ಕಾಯಿಗಳು. ಸಸ್ಯಶಾಸ್ತ್ರವು ಅದನ್ನು ನಮ್ಮ ಮೆಂತ್ಯದ ಹತ್ತಿರದ ಬಂಧುವೆಂದು ಎಣಿಸುತ್ತದೆ. ಕೊಟ್ಟಿಗೆಯ ಈ ಮೇವು ಕಪಾಟಿನ ಗುಳಿಗೆಯಾದ ಬಗೆ ಹೇಗೆ, ಅದರ ಪ್ರಯೋಜನವೆಷ್ಟು, ಅಪಾಯವೆಷ್ಟು ಎಂಬುದನ್ನು ಇಂದು ತುಸು ವಿಚಾರಮಾಡೋಣ.

ಮೊದಲು ಹೆಸರಿನ ಮಾತು. ಆಲ್ಫಾಲ್ಫಾ ಎಂದರೆ ಅರಬ್ಬೀ ಭಾಷೆಯಲ್ಲಿ ‘ಆಹಾರಗಳ ಪಿತಾಮಹ’ ಎಂದು ಅರ್ಥವೆಂಬುದಾಗಿ ಜಾಹೀರಾತುಗಳು ಸಾರುವುದುಂಟು. ಶಬ್ದದ ಇತಿಹಾಸ ಇದಕ್ಕೆ ಸಾಕ್ಷಿ ನುಡಿಯುವುದಿಲ್ಲ. ಸ್ಪೇನಿನವರ ಆಲ್ಫಾಲ್ಫಾ ಅರಬ್ಬರ ಅಲ್-ಫಸ್‌ಫಸಾ ಎಂಬ ಮಾತಿನಿಂದ ಬಂದುದು. ಅದರ ಬೇರು ಪ್ರಾಚೀನ ಇರಾನಿನ ಅಸ್ಪಸ್ತ್ ಎಂಬ ಶಬ್ದದಲ್ಲಿದೆ. ಅಸ್ಪ ಎಂದರೆ ಕುದುರೆ. ಸಂಸ್ಕೃತದ ಅಶ್ವ ಶಬ್ದದ ಒಡಹುಟ್ಟು. ಇಡೀ ಪದದ ಅರ್ಥ ಕುದುರೆಯ ಮೇವು. ನಮ್ಮ ಕುದುರೆ ಮಸಾಲೆಯೂ ಕುದುರೆಯನ್ನು ಮರೆತಿಲ್ಲವೆಂಬುದು ಗಮನಾರ್ಹ.

ಈ ಗಿಡ ಲೋಕಸಂಚಾರ ಮಾಡಿದ್ದೂ ಕುದುರೆಗಳ ಬೆನ್ನ ಹಿಂದೆಯೇ. ಪರ್ಷಿಯದ ದೊರೆ ಡೇರಿಯಸ್ಸನ ಯುದ್ಧಗಳ ಕಾಲದಲ್ಲಿ ಅದು ಮೀಡಿಯ ದೇಶದಿಂದ ಗ್ರೀಸಿಗೆ ಬಂದಿತೆಂದು ರೋಮಿನ ಪ್ಲಿನಿ ಕ್ರಿ.ಶ. ಒಂದನೆಯ ಶತಮಾನದಲ್ಲಿ ಬರೆದಿದ್ದಾನೆ. ಮೀಡಿಯದ ನೆನಪನ್ನೇ ಉಳಿಸಿಕೊಂಡು ೧೭೫೩ರಲ್ಲಿ ಲಿನೇಯಸ್ ಅದಕ್ಕೆ ಮೆಡಿಕಾಗೊ ಸಟೈವ ಎಂಬ ಶಾಸ್ತ್ರೀಯ ನಾಮವನ್ನಿತ್ತನು. ಪ್ಲಿನಿಯ ಸಮಕಾಲೀನನೂ ಕೃಷಿಗ್ರಂಥದ ಕರ್ತೃವೂ ಆದ ಕೊಲುಮೆಲ್ಲನು, ಒಮ್ಮೆ ಬಿತ್ತಿದರೆ ಹತ್ತು ವರ್ಷ ಬಾಳುತ್ತದೆ, ಸೊರಗಿದ ದನಗಳನ್ನು ಕೊಬ್ಬಿಸುತ್ತದೆ, ರೋಗಿಷ್ಠ ದನಗಳಿಗೆ ಮದ್ದಾಗುತ್ತದೆ ಎಂದು ಇದನ್ನು ಕೊಂಡಾಡಿದ್ದಾನೆ. ಮದ್ದೆಂಬ ಕೀರ್ತಿ ಇಷ್ಟು ಹಳೆಯದು; ಆದರೆ ಅದು ದನಗಳ ಮದ್ದು.

ಪೂರ್ವದಿಕ್ಕಿನ ಕಥೆ ಇನ್ನೂ ಸ್ವಾರಸ್ಯವಾದುದು. ಹಾನ್ ವಂಶದ ಚಕ್ರವರ್ತಿ ವೂ ಕ್ರಿ.ಪೂ. ೧೩೮ರ ಸುಮಾರಿಗೆ ಜಾಂಗ್ ಚಿಯಾನ್ ಎಂಬ ರಾಯಭಾರಿಯನ್ನು ಮಧ್ಯ ಏಷ್ಯಕ್ಕೆ ಕಳುಹಿಸಿದನು. ಆತ ತೆರೆದ ದಾರಿಯಿಂದ ಚೀನಕ್ಕೆ ಫರ್ಗಾನಾ ಕಣಿವೆಯ ಶ್ರೇಷ್ಠ ಕುದುರೆಗಳ ಪರಿಚಯವಾಯಿತು. ಆ ಕುದುರೆಗಳಿಗೆ ಪ್ರಿಯವಾದ ಮೇವಿನ ಬೀಜವನ್ನೂ ದ್ರಾಕ್ಷಿಯನ್ನೂ ರಾಯಭಾರಿಗಳು ತಂದರೆಂದೂ, ಅರಮನೆಗಳ ಬಳಿ ಅವನ್ನು ಬೆಳೆಸಲಾಯಿತೆಂದೂ ಇತಿಹಾಸಕಾರ ಸಿಮಾ ಚಿಯಾನ್ ದಾಖಲಿಸಿದ್ದಾನೆ. ಸಾಮ್ರಾಜ್ಯಕ್ಕೆ ಅಶ್ವಬಲ ಬೇಕಾಗಿತ್ತು. ಅಶ್ವಬಲಕ್ಕೆ ಈ ಹುಲ್ಲು ಬೇಕಾಗಿತ್ತು.

ಈ ಮೇವಿಗೆ ಇಷ್ಟು ಸತ್ತ್ವ ಎಲ್ಲಿಂದ ಬಂತು? ಹಲವು ಅಡಿಗಳ ಆಳಕ್ಕೆ ಇಳಿಯುವ ಅದರ ಬೇರು ಬರದಲ್ಲಿಯೂ ನೀರನ್ನರಸಿ ತರುತ್ತದೆ. ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೊಪ್ಪಿಸುತ್ತವೆ. ಆದ್ದರಿಂದಲೇ ಒಣಗಿಸಿದ ಮೇವಿನಲ್ಲಿ ಸಾಧಾರಣವಾಗಿ ಶೇಕಡ ೧೫ರಿಂದ ೨೦ರಷ್ಟು ಸಸಾರಜನಕ, ಅಂದರೆ ಪ್ರೋಟೀನ್, ಇರುತ್ತದೆ. ಎಲೆಯಲ್ಲಿ ಕೆ ಜೀವಸತ್ತ್ವ ಹೇರಳವಾಗಿದೆ. ರಕ್ತ ಹೆಪ್ಪುಗಟ್ಟಲು ಅತ್ಯಗತ್ಯವಾದ ಈ ಜೀವಸತ್ತ್ವವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು ೧೯೩೯ರಲ್ಲಿ, ಇದೇ ಸೊಪ್ಪಿನಿಂದ. ಆ ಶೋಧಕ್ಕಾಗಿ ಹೆನ್ರಿಕ್ ಡಾಮ್ ಮತ್ತು ಎಡ್ವರ್ಡ್ ಡಾಯ್ಸಿ ಅವರಿಗೆ ೧೯೪೩ರ ನೊಬೆಲ್ ಬಹುಮಾನ ಸಂದಿತು.

ಇಷ್ಟೆಲ್ಲ ನಿಜವಾದರೂ ಗುಳಿಗೆಯ ಲೆಕ್ಕ ಬೇರೆ. ಅರ್ಧ ಗ್ರಾಂ ತೂಕದ ಗುಳಿಗೆಗಳನ್ನು ದಿನಕ್ಕೆ ಹತ್ತು ನುಂಗಿದರೂ ಹೊಟ್ಟೆಗೆ ಸೇರುವ ಪುಡಿ ಐದು ಗ್ರಾಂ. ಅದರಲ್ಲಿರುವ ಪ್ರೋಟೀನ್ ಹೆಚ್ಚೆಂದರೆ ಒಂದು ಗ್ರಾಂ. ಐದು ಗ್ರಾಂ ತೊಗರಿಬೇಳೆಯಲ್ಲಿಯೂ ಅಷ್ಟೇ ಇದೆ. ಕುದುರೆ ಪುಷ್ಟವಾಗುವುದು ಕಿಲೋಗಟ್ಟಲೆ ಮೇಯ್ದು. ಚಿಟಿಕೆ ಪುಡಿ ತಿಂದಲ್ಲ.

ಕೊಲೆಸ್ಟರಾಲ್ ತಗ್ಗಿಸುತ್ತದೆಂಬ ಮಾತಿಗೆ ಮಾತ್ರ ಸ್ವಲ್ಪ ಆಧಾರವಿದೆ. ಈ ಗಿಡದಲ್ಲಿರುವ, ಅಂಟುವಾಳದಂತೆ ನೊರೆಗಟ್ಟುವ ಸಪೋನಿನ್ ಎಂಬ ದ್ರವ್ಯಗಳು ಕರುಳಿನಲ್ಲಿ ಕೊಲೆಸ್ಟರಾಲನ್ನು ತಡೆಹಿಡಿಯಬಲ್ಲವು. ೧೯೮೭ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹದಿನೈದು ಮಂದಿ ರೋಗಿಗಳು ಎಂಟು ವಾರ ಬೀಜಗಳನ್ನು ಸೇವಿಸಿದಾಗ ಕೊಲೆಸ್ಟರಾಲ್ ಇಳಿದದ್ದು ನಿಜ. ಆದರೆ ಅವರು ತಿಂದದ್ದು, ಕಾಯಿಸಿ ಸಿದ್ಧಪಡಿಸಿದ ಬೀಜ, ಹೊತ್ತಿಗೆ ೪೦ ಗ್ರಾಂನಂತೆ ದಿನಕ್ಕೆ ಮೂರು ಹೊತ್ತು. ಬೆರಳೆಣಿಕೆಯ ಮಂದಿಯ ಮೇಲೆ ನಡೆದ ಪ್ರಯೋಗದ ಫಲವನ್ನು ಒಂದೆರಡು ಗುಳಿಗೆಗೆ ಆರೋಪಿಸುವುದು ನ್ಯಾಯವಲ್ಲ.

ಇನ್ನು ಅಪಾಯದ ಮಾತು. ೧೯೨೦ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಈ ಗಿಡದ ದಾಯಾದಿಯಾದ ಸ್ವೀಟ್ ಕ್ಲೋವರ್ ಎಂಬ ಮೇವು ಬೂಷ್ಟು ಹಿಡಿದಾಗ, ಅದನ್ನು ತಿಂದ ದನಗಳು ರಕ್ತಸ್ರಾವದಿಂದ ಸತ್ತವು. ವಿಸ್ಕಾನ್ಸಿನ್ನಿನ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಅದರಲ್ಲಿದ್ದ ವಿಷವನ್ನು ಕಂಡುಹಿಡಿದರು. ಆ ಶೋಧದ ಕವಲಾಗಿ ಹುಟ್ಟಿದ್ದೇ ವಾರ್ಫರಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ. ಹೃದಯದಲ್ಲಿ ಕೃತಕ ಕವಾಟವಿರುವವರ ಪ್ರಾಣ ಇಂದಿಗೂ ಇಂಥ ಔಷಧದ ಕಾವಲಿನಲ್ಲಿದೆ. ವಾರ್ಫರಿನ್ ಕೆಲಸ ಮಾಡುವುದು ಕೆ ಜೀವಸತ್ತ್ವಕ್ಕೆ ತಡೆಯೊಡ್ಡಿ. ಆಲ್ಫಾಲ್ಫಾ ತರುವುದು ಅದೇ ಜೀವಸತ್ತ್ವವನ್ನು. ವೈದ್ಯರು ರಕ್ತ ಪರೀಕ್ಷಿಸಿ ಗೊತ್ತುಮಾಡಿದ ಪ್ರಮಾಣವನ್ನು, ಮನೆಯವರು ಅಕ್ಕರೆಯಿಂದ ತಂದುಕೊಟ್ಟ ಹಸಿರು ಗುಳಿಗೆ ಸದ್ದಿಲ್ಲದೆ ಕೆಡಿಸಬಹುದು. ಅಂಥವರು ಅದನ್ನು ತಾವಾಗಿ ಆರಂಭಿಸಲೂಬಾರದು. ಈಗಾಗಲೇ ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸದೆ ಥಟ್ಟನೆ ಬಿಡಲೂಬಾರದು.

ಎರಡನೆಯದು ಬೀಜದಲ್ಲಿಯೂ ಮೊಳಕೆಯಲ್ಲಿಯೂ ಇರುವ ಕ್ಯಾನವನೀನ್. ಶರೀರಕ್ಕೆ ಬೇಕಾದ ಆರ್ಜಿನೀನ್ ಎಂಬ ದ್ರವ್ಯದ ವೇಷ ಧರಿಸಿ ಒಳಹೊಕ್ಕು, ಪ್ರೋಟೀನುಗಳ ರಚನೆಯನ್ನು ಕೆಡಿಸುವುದು ಅದರ ಸ್ವಭಾವ. ಆಲ್ಫಾಲ್ಫಾ ಮೊಳಕೆಯನ್ನು ಹೆಚ್ಚಾಗಿ ತಿನ್ನಿಸಿದ ಕೋತಿಗಳಲ್ಲಿ, ದೇಹದ ರಕ್ಷಣಾಬಲವೇ ದೇಹದ ಮೇಲೆ ತಿರುಗಿಬೀಳುವ ಲೂಪಸ್ ರೋಗವನ್ನು ಹೋಲುವ ಲಕ್ಷಣಗಳು ಕಂಡುಬಂದದ್ದು ೧೯೮೨ರಲ್ಲಿ ವರದಿಯಾಯಿತು. ಮರುವರ್ಷ, ಶಮನವಾಗಿದ್ದ ಲೂಪಸ್ ಗುಳಿಗೆಗಳ ಸೇವನೆಯಿಂದ ಮತ್ತೆ ಕೆರಳಿದ ಇಬ್ಬರು ರೋಗಿಗಳ ವೃತ್ತಾಂತ ಬೆಳಕಿಗೆ ಬಂತು. ಆ ರೋಗವಿರುವವರು ಇದನ್ನು ದೂರವಿಡುವುದೇ ಲೇಸು. ಸ್ತ್ರೀ ಹಾರ್ಮೋನನ್ನು ಹೋಲುವ ಕೂಮೆಸ್ಟ್ರಾಲ್ ಎಂಬ ವಸ್ತುವೂ ಈ ಗಿಡದಲ್ಲಿರುವುದರಿಂದ ಗರ್ಭಿಣಿಯರಿಗೂ ಗುಳಿಗೆ ಸಲ್ಲದು.

ಮೂರನೆಯದು ಹಸಿ ಮೊಳಕೆ. ಬೀಜ ಮೊಳೆಯಲು ಬೇಕಾದ ಬಿಸುಪು, ತೇವಗಳೇ ರೋಗಾಣುಗಳಿಗೂ ಹಿತವಾದವು. ಬೀಜದ ಬಿರುಕಿನಲ್ಲಿ ಅಡಗಿದ ಸಾಲ್ಮೊನೆಲ್ಲ ತೊಳೆದರೆ ಹೋಗದು. ೧೯೯೫ರಲ್ಲಿ ಫಿನ್‌ಲೆಂಡ್ ಮತ್ತು ಅಮೆರಿಕಗಳಲ್ಲಿ ಒಂದೇ ಕಾಲಕ್ಕೆ ಹಬ್ಬಿದ ಸೋಂಕಿಗೆ ಈ ಮೊಳಕೆಯೇ ಕಾರಣವೆಂದು ಪತ್ತೆಯಾಯಿತು. ಮಕ್ಕಳು, ವೃದ್ಧರು, ಗರ್ಭಿಣಿಯರು, ರೋಗನಿರೋಧಶಕ್ತಿ ಕುಂದಿದವರು ಯಾವ ಮೊಳಕೆಯನ್ನೂ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಹೀಗೆಂದು ಈ ಗಿಡವನ್ನು ವಿಷವೆಂದು ಹಳಿಯಬೇಕಾಗಿಲ್ಲ. ಆರೋಗ್ಯವಂತರು ಎಲೆಯ ಪುಡಿಯನ್ನು ಅಲ್ಪ ಪ್ರಮಾಣದಲ್ಲಿ ಸೇವಿಸಿದರೆ ಸಾಮಾನ್ಯವಾಗಿ ಕೇಡಾಗದು. ವಿಶೇಷ ಲಾಭವೂ ಆಗದು. ಗಿಡದಿಂದ ಬಂದದ್ದೆಲ್ಲ ನಿರಪಾಯವೆಂಬ ನಂಬಿಕೆಯೇ ನಿಜವಾದ ತೊಡಕು. ಈ ವಿಷಯದಲ್ಲಿ ನಮ್ಮ ರೈತ ಹೆಚ್ಚು ವಿವೇಕಿ. ಹಸಿ ಕುದುರೆ ಮಸಾಲೆಯನ್ನು ಬರಿದೇ ಮೇಯಿಸಿದರೆ ಹಸುವಿನ ಹೊಟ್ಟೆ ಉಬ್ಬರಿಸಿ ಪ್ರಾಣಕ್ಕೇ ಸಂಚಕಾರ ಬರುವುದೆಂದು ಅವನು ಬಲ್ಲ. ಅದಕ್ಕೇ ಕೊಯ್ದ ಸೊಪ್ಪನ್ನು ಬಾಡಿಸಿ, ಒಣಹುಲ್ಲಿನೊಡನೆ ಬೆರೆಸಿ, ಅಳತೆಯರಿತು ಹಾಕುತ್ತಾನೆ. ಹಸುವಿಗೆ ತೋರುವ ಈ ಎಚ್ಚರವನ್ನು ನಾವು ನಮ್ಮ ಮನೆಯ ಹಿರಿಯರ ವಿಷಯದಲ್ಲಿಯೂ ತೋರಬೇಡವೇ?