ನಿಮಗಿದು ಗೊತ್ತೇ? ಬೆಟ್ಟವಿಲ್ಲದ ಸೀಮೆಯ ಪ್ರಸಾರ ಕಂಬಗಳು

ಟಿ.ವಿ. ಮತ್ತು ಎಫ್‌ಎಂ ಅಲೆಗಳು ಬಹುಮಟ್ಟಿಗೆ ನೇರವಾಗಿಯೇ ಸಾಗುತ್ತವೆ. ಭೂಮಿಯ ಉಬ್ಬು ಅಡ್ಡ ಬಂದಲ್ಲಿ ಸೊರಗುತ್ತವೆ. ಮಡಿಕೇರಿಯಂಥ ಊರಲ್ಲಿ ಬೆಟ್ಟವೇ ಕಂಬವನ್ನು ಎತ್ತಿ ಹಿಡಿಯುತ್ತದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ತೊಗರಿ ಹೊಲಗಳ ಬಯಲಿಗೆ ಆ ಅನುಕೂಲವಿಲ್ಲ. ಇಲ್ಲಿ ಎತ್ತರವನ್ನೆಲ್ಲ ಕಬ್ಬಿಣದಲ್ಲೇ ಕಟ್ಟಬೇಕು.

ಎಷ್ಟು ಎತ್ತರ ಬೇಕು? ಮೀಟರ್ ಲೆಕ್ಕದ ಎತ್ತರದ ವರ್ಗಮೂಲವನ್ನು 4.1ರಿಂದ ಗುಣಿಸಿ, ಬರುವುದು ಅಲೆ ಮುಟ್ಟುವ ದೂರ, ಕಿಲೋಮೀಟರಿನಲ್ಲಿ. 100 ಮೀಟರ್ ಕಂಬಕ್ಕೆ ಸುಮಾರು 41 ಕಿ.ಮೀ. ಕಲಬುರಗಿಯಲ್ಲಿ ಅಂಥದ್ದೊಂದು ನಿಂತರೆ ಜೇವರ್ಗಿ, ಆಳಂದ ಅದರ ಅಳವಿನೊಳಗೇ ಬರುತ್ತವೆ. ನೇರ ದೂರದಲ್ಲಿ 50 ಕಿ.ಮೀ. ದಾಟುವ ಅಫಜಲಪುರಕ್ಕೆ ಮಾತ್ರ ಮಾಳಿಗೆಯ ಮೇಲೊಂದು ಉದ್ದನೆಯ ಪೈಪು ನಿಲ್ಲಿಸಿ ಆಂಟೆನಾ ಕಟ್ಟಬೇಕು.

ಕರ್ನಾಟಕದಲ್ಲಿ ಟಿ.ವಿ. ಮೊದಲು ಬೆಳಗಿದ್ದು ಬೆಂಗಳೂರಿನಲ್ಲಲ್ಲ, ನಮ್ಮ ಕಡೆಯ ಹಳ್ಳಿಗಳಲ್ಲಿ! 1975ರ ಆಗಸ್ಟ್ 1ರಂದು, ಉಪಗ್ರಹದಿಂದ ಹಳ್ಳಿಗಳಿಗೆ ಟಿ.ವಿ. ಮುಟ್ಟಿಸುವ ‘ಸೈಟ್’ ಪ್ರಯೋಗ ಶುರುವಾಯಿತು. ಅಮೆರಿಕದ ಎಟಿಎಸ್-6 ಉಪಗ್ರಹ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದ ಪಾಲಿಗೆ ಗುಲ್ಬರ್ಗಾ (ಇಂದಿನ ಕಲಬುರಗಿ), ರಾಯಚೂರು, ಬಿಜಾಪುರ ಜಿಲ್ಲೆಗಳು. ತಂತಿಜಾಲರಿಯ ಸುಮಾರು 3 ಮೀಟರ್ ಅಗಲದ ಡಿಶ್, ಊರಿಗೆಲ್ಲ ಒಂದೇ ಸೆಟ್ಟು. ಪರದೆಯಲ್ಲಿ ಬೇಸಾಯ, ಆರೋಗ್ಯ, ಶಾಲೆಯ ಪಾಠ. ಉಪಗ್ರಹ ಒಂದು ಚಿತ್ರದ ಜೊತೆ ಎರಡು ಭಾಷೆಗಳ ಧ್ವನಿಯನ್ನು ಕಳಿಸಬಲ್ಲದ್ದಾಗಿತ್ತು. ಪ್ರಯೋಗ ಒಂದೇ ವರ್ಷಕ್ಕೆ ಮುಗಿಯಿತು. ಆದರೆ 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಪ್ರಸಾರ ಕೇಂದ್ರವೇ ಬಂತು. ರಾಜಧಾನಿ 1981ರವರೆಗೆ ಕಾಯಬೇಕಾಯಿತು. ಹಿಂದುಳಿದ ಸೀಮೆ ಎಂದು ನಮ್ಮನ್ನು ಕರೆಯುವವರು ಈ ಇಸವಿಗಳನ್ನು ನೆನಪಿಡಬೇಕು.

ರೇಡಿಯೊದ ಮೀಡಿಯಂ ವೇವ್ ಕಥೆಯೇ ಬೇರೆ. ಅಲ್ಲಿ ಕಂಬ ಆಂಟೆನಾವನ್ನು ಹೊರುವುದಿಲ್ಲ, ಸಾಮಾನ್ಯವಾಗಿ ಕಂಬವೇ ಆಂಟೆನಾ. ಕಲಬುರಗಿ ಆಕಾಶವಾಣಿಯ 1107 ಕಿಲೋಹರ್ಟ್ಸ್‌ನಲ್ಲಿ ಅಲೆಯ ಉದ್ದ 271 ಮೀಟರ್. ಕಂಬ ಅದರ ಕಾಲು ಭಾಗದಷ್ಟು ಎತ್ತರವಿದ್ದರೆ ಸಾಕು, ಅಂದರೆ ಸುಮಾರು 68 ಮೀಟರ್. ಇಂಥ ಕಂಬಗಳ ಬುಡದಲ್ಲಿ ಪಿಂಗಾಣಿ ಇನ್ಸುಲೇಟರ್, ಸುತ್ತಲೂ ನೆಲದಡಿ ಹೂತ ತಾಮ್ರದ ತಂತಿಗಳು.

ಹಗಲಲ್ಲಿ ಈ ಅಲೆ ನೆಲವನ್ನು ಅಪ್ಪಿಕೊಂಡೇ ಸಾಗುತ್ತದೆ. ಹಸಿ ಹಿಡಿದಿಡುವ ಎರೆಮಣ್ಣು ಒಣಗಲ್ಲಿನ ನೆಲಕ್ಕಿಂತ ಅದಕ್ಕೆ ಒಳ್ಳೆಯ ಹಾದಿ.

ಮೀಡಿಯಂ ವೇವ್ ಕೇಳುವಾಗ ಸದ್ದು ಕುಗ್ಗಿದರೆ ಮೇಲಿನ ಕಡ್ಡಿ ಎಳೆಯಬೇಡಿ. ಅದು ಎಫ್‌ಎಂ, ಶಾರ್ಟ್ ವೇವ್‌ಗಳಿಗೆ. ಮೀಡಿಯಂ ವೇವ್ ಹಿಡಿಯುವುದು ಪೆಟ್ಟಿಗೆಯೊಳಗಿನ ಫೆರೈಟ್ ಕೋಲು. ಆದ್ದರಿಂದ ರೇಡಿಯೊವನ್ನೇ ನಿಧಾನಕ್ಕೆ ತಿರುಗಿಸಿ ನೋಡಿ.